ಸಾರಿನ ಅರಿಶಿನ ಬೇರೆ, ಸಾರದ ಅರಿಶಿನ ಬೇರೆ

ನಮ್ಮ ದೊಡ್ಡಮ್ಮನಿಗೆ ಮಂಡಿನೋವು. ಮೆಟ್ಟಿಲು ಹತ್ತುವಾಗ ಕಟಕ್ ಅನ್ನುತ್ತದೆ. ಬೆಳಗ್ಗೆ ಎದ್ದ ಕೂಡಲೇ ಕಾಲು ಮಡಚೋಕೆ ಆಗುವುದಿಲ್ಲ. ಎಷ್ಟೋ ವರ್ಷದಿಂದ ಲಕ್ಕಿ ಸೊಪ್ಪು ಬಿಸಿ ಮಾಡಿ ಶಾಖ ಕೊಟ್ಟುಕೊಳ್ಳುತ್ತಿದ್ದರು. ಜಾಸ್ತಿ ಆದಾಗ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟಿಕೊಳ್ಳುತ್ತಿದ್ದರು. ಕಳೆದ ವರ್ಷ ಅವರ ಮನೆಗೆ ಹೋದಾಗ ಟೀವಿ ಪಕ್ಕ ಹೊಸ ಡಬ್ಬಿಯೊಂದು ಕೂತಿತ್ತು. ಅರವತ್ತು ಕ್ಯಾಪ್ಸೂಲ್. ಮೇಲೆ ಹೊಳೆಯುವ ಮಂಡಿಚಿಪ್ಪಿನ ಚಿತ್ರ, ಪಕ್ಕದಲ್ಲಿ ಅರಿಶಿನದ ಕೊಂಬು.

"ಇದೇನು ದೊಡ್ಡಮ್ಮ?"

"ಬರೀ ಅರಿಶಿನ ಕಣೋ. ಮೆಡಿಕಲ್ ಶಾಪಿನ ಹುಡುಗ ಕೊಟ್ಟ. ಸೈಡ್ ಎಫೆಕ್ಟ್ ಏನೂ ಇಲ್ವಂತೆ. ದಿನಾ ಸಾರಿಗೆ ಹಾಕ್ತೀವಿ, ಮಾತ್ರೆಯಲ್ಲಿ ತಗೊಂಡ್ರೆ ಏನಾಗುತ್ತೆ?"

ಈ ಪ್ರಶ್ನೆಯನ್ನು ತಮಾಷೆ ಮಾಡಿ ಬಿಡುವ ಹಾಗಿಲ್ಲ. ಗಿಡಮೂಲಿಕೆಯ ನೋವಿನ ಮಾತ್ರೆಗಳ ವ್ಯಾಪಾರ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಅಡುಗೆಮನೆಯಲ್ಲಿ ಸಾವಿರಾರು ವರ್ಷದಿಂದ ಇದೆ, ಅಂದ ಮೇಲೆ ಕ್ಯಾಪ್ಸೂಲಿನಲ್ಲೂ ಸಲೀಸು ಅನ್ನೋ ನಂಬಿಕೆ. ಆದರೆ ಸಾರಿಗೆ ಹಾಕುವ ಅರಿಶಿನ ಬೇರೆ, ಅರಿಶಿನದಿಂದ ತೆಗೆದ ಸಾರ ಬೇರೆ. ಎಷ್ಟು ಬೇರೆ ಅನ್ನುವುದಕ್ಕೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದರೆ ಸಾಕು.

ಅಲ್ಲಿ ಬರೆದಿದ್ದು ಹೀಗೆ: ಒಂದು ಕ್ಯಾಪ್ಸೂಲಿನಲ್ಲಿ ಅರಿಶಿನದ ಎಕ್ಸ್‌ಟ್ರಾಕ್ಟ್ 500 ಮಿಲಿಗ್ರಾಂ, ಅದರಲ್ಲಿ ಶೇ 95 ಕರ್ಕ್ಯುಮಿನಾಯ್ಡ್. ದಿನಕ್ಕೆ ಎರಡು. ಕರ್ಕ್ಯುಮಿನ್ ಅಂದರೆ ಅರಿಶಿನಕ್ಕೆ ಆ ಹಳದಿ ಬಣ್ಣ ಕೊಡುವ ವಸ್ತು. ಅದರ ಜೊತೆ ಅದೇ ಜಾತಿಯ ಇನ್ನೆರಡು ವಸ್ತುಗಳಿವೆ, ಮೂರನ್ನೂ ಸೇರಿಸಿ ಕರ್ಕ್ಯುಮಿನಾಯ್ಡ್ ಅನ್ನುತ್ತಾರೆ. ಒಣಗಿದ ಅರಿಶಿನದಲ್ಲಿ ಇದು ಇರುವುದು ಸಾಮಾನ್ಯವಾಗಿ ನೂರಕ್ಕೆ ಮೂರರಷ್ಟು. ಮೇಘಾಲಯದ ಲಕಡಾಂಗ್ ಥರದ ತಳಿಯಲ್ಲಿ ಏಳರ ಹತ್ತಿರ ಹೋಗುತ್ತದೆ. ನಮ್ಮ ಕಡೆ ಮೂರು ಅಂತಲೇ ಲೆಕ್ಕ ಇಟ್ಟುಕೊಳ್ಳೋಣ.

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದು ಟೀ ಚಮಚ, ಅಂದರೆ ಸುಮಾರು 3 ಗ್ರಾಂ ಅರಿಶಿನ ಖರ್ಚಾಗುತ್ತದೆ ಅಂತಿಟ್ಟುಕೊಳ್ಳಿ. ತಲೆಗೆ ಮುಕ್ಕಾಲು ಗ್ರಾಂ. ಅದರಲ್ಲಿ ಕರ್ಕ್ಯುಮಿನ್ 20 ಮಿಲಿಗ್ರಾಂ ಆಸುಪಾಸು. ದೊಡ್ಡಮ್ಮನ ಎರಡು ಕ್ಯಾಪ್ಸೂಲಿನಲ್ಲಿ 950 ಮಿಲಿಗ್ರಾಂ. ನಲವತ್ತು ಪಟ್ಟಿಗಿಂತ ಜಾಸ್ತಿ. ಇದನ್ನೇ ಪುಡಿಯ ಲೆಕ್ಕದಲ್ಲಿ ಹೇಳುವುದಾದರೆ ದಿನಾ 32 ಗ್ರಾಂ, ಹತ್ತು ಟೀ ಚಮಚಕ್ಕೂ ಮಿಗಿಲು. ಹಸಿ ಕೊಂಬು ಒಣಗಿದರೆ ಐದನೇ ಒಂದು ಭಾಗ ಉಳಿಯುತ್ತದೆ. ಹಾಗಾಗಿ ನೂರೈವತ್ತು ಗ್ರಾಂ ಹಸಿ ಅರಿಶಿನ, ದಿನವೂ. ಯಾವ ಅಜ್ಜಿಯೂ ಯಾವ ಕಾಲದಲ್ಲೂ ಇಷ್ಟು ತಿಂದಿಲ್ಲ. ಕರ್ಕ್ಯುಮಿನ್ನನ್ನು ಆಹಾರದ ಬಣ್ಣವಾಗಿ ಬಳಸುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಒಂದು ಮಿತಿ ಹಾಕಿದೆ: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ. ಅರವತ್ತು ಕಿಲೋ ತೂಕದವರಿಗೆ 180 ಮಿಲಿಗ್ರಾಂ. ಆ ಡಬ್ಬಿ ಕೊಡುತ್ತಿದ್ದುದು ಅದರ ಐದು ಪಟ್ಟು.

ಲೆಕ್ಕದಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ ಅಂತ ಅವತ್ತು ದೊಡ್ಡಮ್ಮನ ಎದುರೇ ಒಂದು ಆಟ ಆಡಿದೆ. ನಮ್ಮಲ್ಲಿ ಮದುಮಕ್ಕಳಿಗೆ, ಬಾಣಂತಿಗೆ ಎತ್ತುವ ಕೆಂಪಾರತಿ ಗೊತ್ತಲ್ಲ? ನೀರಿಗೆ ಅರಿಶಿನ, ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಸುಣ್ಣ ಕ್ಷಾರ. ಕ್ಷಾರ ತಾಕಿದರೆ ಕರ್ಕ್ಯುಮಿನ್ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಒಂದು ತಟ್ಟೆಯಲ್ಲಿ ಅಡುಗೆಮನೆಯ ಅರಿಶಿನ ಅರ್ಧ ಚಮಚ, ಇನ್ನೊಂದರಲ್ಲಿ ಬಿಚ್ಚಿದ ಒಂದೇ ಕ್ಯಾಪ್ಸೂಲ್. ಎರಡಕ್ಕೂ ನೀರು, ಚಿಟಿಕೆ ಸುಣ್ಣ. ಮೊದಲನೆಯದು ಎಂದಿನ ಆರತಿ ಕೆಂಪು. ಎರಡನೆಯದು ದಾಸವಾಳವನ್ನು ಅರೆದು ಕದಡಿದ ಹಾಗೆ, ತಟ್ಟೆಯ ತಳವೇ ಕಾಣದಷ್ಟು ಗಾಢ. ದೊಡ್ಡಮ್ಮ ಸುಮ್ನೆ ನೋಡುತ್ತಾ ಕೂತರು. "ಇಷ್ಟೊಂದಾ?" ಅಂದರು.

ಮರುದಿನ ಬೆಳಗ್ಗೆ ಎರಡೂ ತಟ್ಟೆಯ ಬಣ್ಣ ಮಂಕಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅರಿಶಿನದ ವೈದ್ಯಗುಣದ ಅರ್ಧ ಜಗಳ ಆ ತಟ್ಟೆಯಲ್ಲೇ ಇದೆ. ಕರ್ಕ್ಯುಮಿನ್ ತುಂಬಾ ಹೊತ್ತು ಬಾಳುವ ವಸ್ತುವಲ್ಲ. ಅರಿಶಿನದ ಕಲೆ ಬಿದ್ದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಹೋಗುವುದು ಎಲ್ಲ ಗೃಹಿಣಿಯರಿಗೂ ಗೊತ್ತು. ಬೆಳಕು ಅದನ್ನು ಒಡೆಯುತ್ತದೆ. ಕ್ಷಾರವೂ ಒಡೆಯುತ್ತದೆ. ಸುಣ್ಣದಷ್ಟು ಕ್ಷಾರವೇ ಬೇಕೆಂದಿಲ್ಲ. ನಮ್ಮ ರಕ್ತದಷ್ಟು ಅಲ್ಪ ಕ್ಷಾರದ ಬರೀ ದ್ರಾವಣದಲ್ಲಿ, ದೇಹದ ಬಿಸಿಯಲ್ಲಿ ಇಟ್ಟರೆ ಅರ್ಧ ಗಂಟೆಯೊಳಗೆ ಬಹುಪಾಲು ಕರ್ಕ್ಯುಮಿನ್ ಒಡೆದುಹೋಗುತ್ತದೆ. ಅದರ ಮೇಲೆ ಅದು ನೀರಿನಲ್ಲಿ ಕರಗುವುದಿಲ್ಲ. ನುಂಗಿದ್ದರಲ್ಲಿ ಜಾಸ್ತಿ ಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಕರುಳಿನಿಂದ ಒಳಗೆ ಹೋದ ಸ್ವಲ್ಪವನ್ನೂ ಯಕೃತ್ತು ಹಿಡಿದು, ಗುರುತು ಹಚ್ಚಿ, ಆಚೆ ಕಳಿಸಿಬಿಡುತ್ತದೆ.

ಇದಕ್ಕೊಂದು ದಾರಿ ತೋರಿಸಿದ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಒಂದು ಪ್ರಬಂಧ ಪ್ರಕಟಿಸಿದರು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರೆ ಏನೂ ಸಿಗಲಿಲ್ಲ, ಸಿಕ್ಕರೂ ತೀರಾ ಅತ್ಯಲ್ಪ. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮಟ್ಟ ಶೇ 2000 ಏರಿತು. ಪೈಪರಿನ್ ಅಂದರೆ ಕರಿಮೆಣಸಿನ ಖಾರದ ಅಂಶ. ಅವತ್ತಿನಿಂದ ಇವತ್ತಿನವರೆಗೆ ಜಗತ್ತಿನ ಯಾವ ಮೂಲೆಯ ಅರಿಶಿನ ಕ್ಯಾಪ್ಸೂಲಿನ ಜಾಹೀರಾತು ನೋಡಿದರೂ ಈ "ಶೇ 2000" ಕಣ್ಣಿಗೆ ಬೀಳುತ್ತದೆ.

ಆದರೆ ಆ ಅಂಕಿಯನ್ನು ಸ್ವಲ್ಪ ತಿರುಗಿಸಿ ನೋಡಬೇಕು. ಶೇ 2000 ಅಂದರೆ ಸುಮಾರು ಇಪ್ಪತ್ತು ಪಟ್ಟು. ಯಾವುದರ ಇಪ್ಪತ್ತು ಪಟ್ಟು? ಹತ್ತಿರ ಹತ್ತಿರ ಸೊನ್ನೆಯದ್ದು. ಅದೂ ಇಳಿದುಹೋಗುವುದಕ್ಕೆ ತುಂಬಾ ಹೊತ್ತು ಬೇಕಾಗಲಿಲ್ಲ; ಒಂದು ಗಂಟೆಯೊಳಗಿನ ಕಥೆ ಅದು. ಇನ್ನೊಂದು ವಿಷಯ ಜಾಹೀರಾತಿನಲ್ಲಿ ಬರುವುದೇ ಇಲ್ಲ. ಮೆಣಸು ಕರ್ಕ್ಯುಮಿನ್ನನ್ನು ಏನೋ ಮಾಯ ಮಾಡಿ ಒಳಗೆ ತಳ್ಳುವುದಿಲ್ಲ. ಹೊರಗಿನಿಂದ ಬಂದದ್ದನ್ನು ಆಚೆ ಹಾಕುವ ಯಕೃತ್ತಿನ, ಕರುಳಿನ ಕಿಣ್ವಗಳ ಕೈ ಕಟ್ಟುತ್ತದೆ. ಕಾವಲುಗಾರನಿಗೆ ಮಂಪರು ಬರಿಸಿದ ಹಾಗೆ. ಕರ್ಕ್ಯುಮಿನ್ ಒಳಗೆ ನುಸುಳುತ್ತದೆ ನಿಜ. ಅದೇ ಬಾಗಿಲಲ್ಲಿ ಬೇರೆ ಮಾತ್ರೆಗಳೂ ಲೆಕ್ಕಕ್ಕಿಂತ ಜಾಸ್ತಿ ನುಸುಳಬಹುದು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್, ಇವೆಲ್ಲ ಪೈಪರಿನ್ ಜೊತೆ ರಕ್ತದಲ್ಲಿ ಏರುವುದನ್ನು ಅಳೆದು ನೋಡಿದ್ದಾರೆ.

ಸರಿ, ನೋವಿಗೆ ಬರೋಣ. ಅರಿಶಿನದ ಸಾರದಿಂದ ನೋವು ಕಡಿಮೆಯಾಗುತ್ತದಾ?

ಪೂರ್ತಿ ಇಲ್ಲ ಅಂದರೆ ಸುಳ್ಳಾಗುತ್ತದೆ. ಥಾಯ್ಲೆಂಡಿನಲ್ಲಿ ಮಂಡಿ ಸವೆತ ಇದ್ದ 367 ಜನರ ಮೇಲೆ ಒಂದು ಪ್ರಯೋಗ ನಡೆಯಿತು. 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ, ಇನ್ನೊಂದಕ್ಕೆ ಡಾಕ್ಟರುಗಳು ಕೊಡುವ ನೋವಿನ ಮಾತ್ರೆ ಐಬುಪ್ರೊಫೆನ್ 1200 ಮಿಲಿಗ್ರಾಂ. ನಾಲ್ಕು ವಾರ. ನೋವು ಇಳಿಸುವುದರಲ್ಲಿ ಅರಿಶಿನ ಐಬುಪ್ರೊಫೆನ್‌ಗಿಂತ ಹಿಂದೆ ಬೀಳಲಿಲ್ಲ, ಹೊಟ್ಟೆನೋವಿನ ದೂರು ಕಡಿಮೆ ಬಂತು. ಚೆನ್ನಾಗಿದೆ ಅಲ್ವಾ? ಆದರೆ ಅಲ್ಲಿ ಬರೀ ಸಕ್ಕರೆ ಗುಳಿಗೆಯಂಥ ಹುಸಿಮಾತ್ರೆ ತಿಂದ ಮೂರನೇ ಗುಂಪು ಇರಲಿಲ್ಲ. ಮಂಡಿನೋವಿನ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ. ಮಂಡಿನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಜನ ಡಾಕ್ಟರ ಹತ್ತಿರ ಹೋಗುವುದೇ ಅದು ತೀರಾ ಜಾಸ್ತಿ ಆದಾಗ. ಆಮೇಲೆ ಏನು ಕೊಟ್ಟರೂ ಸ್ವಲ್ಪ ಇಳಿಯುತ್ತದೆ. ಏನೂ ಕೊಡದಿದ್ದರೂ ಇಳಿಯುತ್ತದೆ. ಹುಸಿಮಾತ್ರೆಗೂ ಮಂಡಿನೋವು ಚೆನ್ನಾಗಿಯೇ ಬಗ್ಗುತ್ತದೆ ಅನ್ನುವುದು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ತಲೆನೋವು.

ಹಾಗಾಗಿ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಡೆದ ಪ್ರಯೋಗ. ಜನ ಕಡಿಮೆ, ಬರೀ 70. ಎಲ್ಲರಿಗೂ ಮಂಡಿಯಲ್ಲಿ ನೀರು ತುಂಬಿ ಊದಿಕೊಂಡಿತ್ತು. ಹನ್ನೆರಡು ವಾರ ಅರ್ಧ ಜನರಿಗೆ ಅರಿಶಿನದ ಸಾರ, ಇನ್ನರ್ಧಕ್ಕೆ ಹುಸಿಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. 2020ರಲ್ಲಿ ಬಂದ ಫಲಿತಾಂಶದಲ್ಲಿ ನೋವು ನೂರರ ಅಳತೆಪಟ್ಟಿಯಲ್ಲಿ ಹುಸಿಮಾತ್ರೆಯವರಿಗಿಂತ 9 ಅಂಕ ಜಾಸ್ತಿ ಇಳಿದಿತ್ತು. ಇದು ನಿಜವಾದ ವ್ಯತ್ಯಾಸ, ಆದರೆ ಪವಾಡವಲ್ಲ. ಸ್ವಾರಸ್ಯ ಇರುವುದು ಎಂಆರ್‌ಐ ಚಿತ್ರದಲ್ಲಿ. ಮಂಡಿಯೊಳಗಿನ ಊತ ಎರಡೂ ಗುಂಪಿನಲ್ಲಿ ಒಂದೇ ಥರ ಇತ್ತು. ಮೃದ್ವಸ್ಥಿಯೂ ಅಷ್ಟೇ. ಅರಿಶಿನ ಅದನ್ನು ಮುಟ್ಟಿರಲಿಲ್ಲ.

ಅಂದರೆ ಏನು? ಅರಿಶಿನದ ಮಾರಾಟದ ಮಾತು ಯಾವಾಗಲೂ "ಉರಿಯೂತ ಇಳಿಸುತ್ತದೆ, ಅದರಿಂದ ನೋವು ಹೋಗುತ್ತದೆ" ಅಂತ. ಇಲ್ಲಿ ಆದದ್ದು ತಿರುಗುಮುರುಗು. ಊತ ಇದ್ದ ಹಾಗೇ ಇದೆ, ನೋವು ಮಾತ್ರ ಸ್ವಲ್ಪ ಇಳಿದಿದೆ. ನೋವು ಬೇರೆ, ಬಾವು ಬೇರೆ. ಎರಡೂ ಒಂದೇ ಮನೆಯಲ್ಲಿ ಇರುತ್ತವೆ, ಹಾಗಂತ ಒಂದನ್ನು ಕರೆದರೆ ಇನ್ನೊಂದೂ ಎದ್ದು ಬರಬೇಕೆಂದಿಲ್ಲ. ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಕರ್ಕ್ಯುಮಿನ್ ಸುರಿದರೆ ಉರಿಯೂತದ ಹತ್ತಾರು ಗುಂಡಿಗಳು ಆರಿಹೋಗುವುದನ್ನು ಸಾವಿರಾರು ಪ್ರಬಂಧಗಳು ತೋರಿಸಿವೆ. ಆದರೆ ಆ ಪಾತ್ರೆಗೆ ಕರುಳಿಲ್ಲ, ಯಕೃತ್ತಿಲ್ಲ.

ಪಾತ್ರೆಯಲ್ಲೂ ಒಂದು ಮೋಸ ಇದೆ. ಕೆಲವು ರಾಸಾಯನಿಕಗಳು ಯಾವ ಪರೀಕ್ಷೆಗೆ ಹಾಕಿದರೂ "ಕೆಲಸ ಮಾಡುತ್ತಿದೆ" ಅಂತ ತೋರಿಸುತ್ತವೆ. ನಿಜವಾಗಿ ಕೆಲಸ ಮಾಡಿ ಅಲ್ಲ. ತಾವೇ ಹೊಳೆದು, ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿ, ಪರೀಕ್ಷೆಯನ್ನೇ ಕೆಡಿಸುವುದರಿಂದ. ವಿಜ್ಞಾನಿಗಳು ಅವಕ್ಕೆ "ಪೇನ್ಸ್" ಅಂತ ಅಡ್ಡಹೆಸರು ಇಟ್ಟಿದ್ದಾರೆ. ನೋವಿನ ಮಾತ್ರೆಯ ಕಥೆಯಲ್ಲಿ ಆ ಹೆಸರು ಬಂದದ್ದು ಯೋಗಾಯೋಗ. 2017ರಲ್ಲಿ ಅಮೆರಿಕದ ಔಷಧ ರಸಾಯನ ತಜ್ಞರು ಕರ್ಕ್ಯುಮಿನ್ ಈ ಗುಂಪಿಗೇ ಸೇರಿದ್ದು ಅಂತ ಉದ್ದನೆಯ ವಿಮರ್ಶೆ ಬರೆದರು. ಅದರ ಜೊತೆಗೆ ಕರ್ಕ್ಯುಮಿನ್ ಸಂಶೋಧನೆಯಲ್ಲಿ ದೊಡ್ಡ ಹೆಸರಾಗಿದ್ದ ಟೆಕ್ಸಸ್‌ನ ಒಂದು ಪ್ರಯೋಗಾಲಯದಿಂದ ಬಂದ ಹಲವಾರು ಪ್ರಬಂಧಗಳನ್ನು ಪತ್ರಿಕೆಗಳು ಹಿಂದಕ್ಕೆ ತೆಗೆದುಕೊಂಡವು. ಚಿತ್ರಗಳನ್ನು ತಿದ್ದಿದ ಸಂಶಯದ ಮೇಲೆ. ಇದರಿಂದ ಅರಿಶಿನ ದಂಡ ಅಂತ ಆಗುವುದಿಲ್ಲ. "ಸಾವಿರಾರು ಸಂಶೋಧನೆಗಳು ಸಾಬೀತು ಮಾಡಿವೆ" ಅನ್ನುವ ವಾಟ್ಸಾಪ್ ಸಂದೇಶಕ್ಕೆ ಮಾತ್ರ ತೂಕ ಇರುವುದಿಲ್ಲ.

ಪೇಟೆಂಟ್ ಕಥೆಯನ್ನೂ ಇಲ್ಲಿ ತರುತ್ತಾರೆ. 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ವಾಸಿ ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಆಗ ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಮುಖ್ಯಸ್ಥರಾಗಿದ್ದ ಆರ್.ಎ. ಮಾಶೇಲ್ಕರ್ ಅದನ್ನು ಪ್ರಶ್ನಿಸಿದರು. ಹಳೆಯ ಗ್ರಂಥಗಳನ್ನು, ಪ್ರಬಂಧಗಳನ್ನು ಮುಂದಿಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು. ಹೆಮ್ಮೆಯ ಗೆಲುವೇ. ಆದರೆ ಅಲ್ಲಿ ತೀರ್ಮಾನವಾದದ್ದು "ಇದು ಹೊಸದಲ್ಲ" ಅಂತ. "ಇದು ಕೆಲಸ ಮಾಡುತ್ತದೆ" ಅಂತ ಅಲ್ಲ. ನಾವು ಎರಡನ್ನೂ ಒಂದೇ ಉಸಿರಲ್ಲಿ ಹೇಳಿಬಿಡುತ್ತೇವೆ.

ಗಿಡದಿಂದ ಬಂದ ನೋವಿನ ಔಷಧಿ ಯಾವುದೂ ಗೆದ್ದಿಲ್ಲವಾ ಅಂದರೆ, ಗೆದ್ದಿವೆ. ಗೆದ್ದಾಗ ಅವು ಅಡುಗೆಮನೆಯ ಹೆಸರು ಹೇಳಿಕೊಂಡು ಬರಲಿಲ್ಲ. ಮೆಣಸಿನಕಾಯಿ ನೋಡಿ. ಅದರ ಖಾರದ ಅಂಶ ಕ್ಯಾಪ್ಸೈಸಿನ್ ನರದ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಬಾಗಿಲೊಂದನ್ನು ತೆರೆಯುತ್ತದೆ. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಮತ್ತೆ ಮತ್ತೆ ಹಚ್ಚಿದರೆ ನರ ಸುಸ್ತಾಗಿ ನೋವಿನ ಸುದ್ದಿ ಕಳಿಸುವುದನ್ನೇ ಬಿಡುತ್ತದೆ. ಶೇ 8 ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಅಮೆರಿಕದಲ್ಲಿ 2009ರಲ್ಲಿ ಔಷಧಿ ಅಂತಲೇ ಅನುಮತಿ ಸಿಕ್ಕಿತು. ಸರ್ಪಸುತ್ತಿನ ನಂತರ ಉಳಿಯುವ ನರದ ನೋವಿಗೆ ಅದನ್ನು ಆಸ್ಪತ್ರೆಯಲ್ಲೇ ಕೈಗವಸು ಹಾಕಿಕೊಂಡು ಹಚ್ಚುತ್ತಾರೆ. (ನಮ್ಮ ಬ್ಯಾಡಗಿ ಮೆಣಸಿನಕಾಯಿ ಕೂಡ ಸಾರ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ, ಆದರೆ ಬಣ್ಣಕ್ಕೆ. ಖಾರ ಅದರಲ್ಲಿ ಕಡಿಮೆ.)

ಧೂಪದ ಅಂಟು ಬಿಡುವ ಶಲ್ಲಕಿ ಮರದ ಕಥೆಯೂ ಪರವಾಗಿಲ್ಲ. ಕೀಲು ಸವೆತಕ್ಕೆ ಬಳಸುವ ಗಿಡಮೂಲಿಕೆಗಳ ಪ್ರಯೋಗಗಳನ್ನೆಲ್ಲ ಜಾಲಾಡಿದ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆಯಲ್ಲಿ, ಹುಸಿಮಾತ್ರೆ ತಿಂದವರ ನೋವು ನೂರಕ್ಕೆ 40ರಲ್ಲಿ ಇದ್ದಾಗ ಶಲ್ಲಕಿಯ ಬಲಪಡಿಸಿದ ಸಾರ ತಿಂದವರದ್ದು 23ಕ್ಕೆ ಇಳಿದಿತ್ತು. ಅರಿಶಿನದ ಗದ್ದಲದಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ. ಪ್ರಯೋಗಗಳು ಸಣ್ಣವು, ಹಲವಕ್ಕೆ ದುಡ್ಡು ಹಾಕಿದವರು ಮಾರುವವರೇ. ಆ ಮಾತು ಅರಿಶಿನಕ್ಕೂ ಸಲ್ಲುತ್ತದೆ.

ಸಾರ ಅಂದರೆ ಏನು ಅನ್ನುವುದು ಬೇಗ ಅರ್ಥವಾಗಬೇಕಾದರೆ ಊಟಿಗೆ ಹೋಗಬೇಕು. ಮೈಸೂರಿನಿಂದ ಊಟಿಗೆ ಹೋದವರೆಲ್ಲ ನೀಲಗಿರಿ ಎಣ್ಣೆಯ ಜೊತೆ ವಿಂಟರ್‌ಗ್ರೀನ್ ಎಣ್ಣೆಯ ಬಾಟಲಿಯನ್ನೂ ತರುತ್ತಾರೆ. ಬೆಟ್ಟದ ಪೊದೆಯ ಎಲೆಯಿಂದ ಬಟ್ಟಿ ಇಳಿಸಿದ್ದು. ಅದರಲ್ಲಿ ಇರುವುದು ಹೆಚ್ಚುಕಡಿಮೆ ಪೂರ್ತಿ ಮಿಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ದಾಯಾದಿ. ನೋವಿನ ಮುಲಾಮಿಗೆ ಆ ವಾಸನೆ ಬರುವುದು ಅದರಿಂದಲೇ. ಚರ್ಮಕ್ಕೆ ನಾಲ್ಕು ಹನಿ ತಿಕ್ಕಿದರೆ ಹಿತ. ಎಲೆಯನ್ನು ಕಚ್ಚಿ ನೋಡಿದರೆ ಏನೂ ಆಗುವುದಿಲ್ಲ. ಆದರೆ ಆ ಎಣ್ಣೆ ಒಂದು ಟೀ ಚಮಚ ಮಗುವಿನ ಹೊಟ್ಟೆಗೆ ಹೋದರೆ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆ ನುಂಗಿದ ಹಾಗೆ, ಜೀವಕ್ಕೇ ಅಪಾಯ. ಗಿಡ ಅದೇ, ಎಲೆ ಅದೇ.

ಅರಿಶಿನ ಅಷ್ಟು ಉಗ್ರ ಅಲ್ಲ, ನಿಜ. ಆದರೂ ಕಳೆದ ಕೆಲವು ವರ್ಷದಲ್ಲಿ ಯಕೃತ್ತಿನ ಡಾಕ್ಟರುಗಳು ಅದರ ಹೆಸರು ಹೇಳತೊಡಗಿದ್ದಾರೆ. ಇಟಲಿಯಲ್ಲಿ 2018ರ ಕೊನೆಯಿಂದ ಅರಿಶಿನದ ಕ್ಯಾಪ್ಸೂಲ್ ತಿಂದವರಲ್ಲಿ ಕಾಮಾಲೆ ಕಾಣಿಸಿಕೊಂಡಿತು. 2019ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಕಲಬೆರಕೆ ಇರಬಹುದೆಂದು ಹುಡುಕಿತು, ಸಿಗಲಿಲ್ಲ. ಕೊನೆಗೆ ಡಬ್ಬಿಯ ಮೇಲೆ ಎಚ್ಚರಿಕೆ ಬರೆಯಲು ಹೇಳಿತು. ಅಮೆರಿಕದಲ್ಲಿ ಔಷಧಿಯಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ಆಸ್ಪತ್ರೆಗಳ ಜಾಲವೊಂದಿದೆ. ಅವರು ಅರಿಶಿನದ ಹತ್ತು ಪ್ರಕರಣಗಳನ್ನು ವಿವರವಾಗಿ ಬರೆದಿದ್ದಾರೆ. ಐವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಜನರಲ್ಲಿ ಒಂದೇ ಥರದ ವಂಶವಾಹಿ ಗುರುತು ಕಂಡಿತು. ಪರೀಕ್ಷಿಸಿದ ಡಬ್ಬಿಗಳಲ್ಲಿ ಮೂರರಲ್ಲಿ ಮೆಣಸಿನ ಪೈಪರಿನ್ ಇತ್ತು. 2025ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆಯೂ ಇದೇ ಎಚ್ಚರಿಕೆ ಕೊಟ್ಟಿತು.

ಕೋಟಿಗಟ್ಟಲೆ ಜನ ತಿನ್ನುವಾಗ ಹತ್ತು, ಇಪ್ಪತ್ತು ಪ್ರಕರಣ ಯಾವ ಲೆಕ್ಕ ಅನ್ನಬಹುದು. ನಿಜ, ಅಪರೂಪವೇ. ತಿಂದವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೆ ಲೆಕ್ಕ ಇಡುವ ವ್ಯವಸ್ಥೆ ಇರುವ ದೇಶದಲ್ಲಿ ಮಾತ್ರ ಪ್ರಕರಣ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಕಾಮಾಲೆ ಬಂದವರನ್ನು "ಅರಿಶಿನದ ಮಾತ್ರೆ ತಗೊಳ್ತಿದ್ರಾ?" ಅಂತ ಕೇಳುವವರು ಎಷ್ಟು ಜನ? ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ದಿನಾ ಕುಡಿದು ಯಕೃತ್ತು ಕೆಡಿಸಿಕೊಂಡ ಆರು ಜನರ ಬಗ್ಗೆ ಮುಂಬೈಯ ಡಾಕ್ಟರುಗಳು 2021ರಲ್ಲಿ ಬರೆದಾಗ, ಆಯುಷ್ ಸಚಿವಾಲಯ ಅದನ್ನು ಒಪ್ಪದೆ ಪ್ರಕಟಣೆ ಹೊರಡಿಸಿತು. ಚರ್ಚೆ ಜಗಳವಾಗಿ ತಿರುಗಿತು.

ಕಾನೂನಿನ ಕಡೆ ನೋಡಿದರೆ ಇನ್ನೂ ತಮಾಷೆ. ಒಂದೇ ಅರಿಶಿನದ ಸಾರವನ್ನು ನಮ್ಮಲ್ಲಿ ಎರಡು ಬಾಗಿಲಿಂದ ಮಾರಬಹುದು. ಒಂದು ಆಹಾರದ ಬಾಗಿಲು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಲೈಸೆನ್ಸು, ನ್ಯೂಟ್ರಾಸ್ಯೂಟಿಕಲ್ ಅಂದರೆ ಆರೋಗ್ಯಕ್ಕೆ ಪೂರಕವಾದ ಆಹಾರ ಅನ್ನುವ ಹೆಸರು. ಇನ್ನೊಂದು ಆಯುರ್ವೇದ ಔಷಧಿಯ ಬಾಗಿಲು. 1940ರ ಔಷಧ ಕಾಯ್ದೆಯ ಕೆಳಗೆ ರಾಜ್ಯದ ಲೈಸೆನ್ಸು. ಹೊಸ ಅಲೋಪತಿ ಮಾತ್ರೆಗೆ ಬೇಕಾಗುವ ಹಂತ ಹಂತದ ದೊಡ್ಡ ಪ್ರಯೋಗಗಳು ಎರಡು ಕಡೆಯೂ ಬೇಕಿಲ್ಲ. ದೊಡ್ಡಮ್ಮನ ಡಬ್ಬಿ ಮೊದಲ ಬಾಗಿಲಿನದ್ದು. ಮುಂದೆ ಮಂಡಿಯ ಚಿತ್ರ, ದಪ್ಪಕ್ಷರದಲ್ಲಿ "ಜಾಯಿಂಟ್ ಸಪೋರ್ಟ್". ಹಿಂದೆ, ನಿಯಮ ಹೇಳಿದ ಪ್ರಕಾರ, "ನಾಟ್ ಫಾರ್ ಮೆಡಿಸಿನಲ್ ಯೂಸ್". ಔಷಧಿಯಾಗಿ ಬಳಸುವಂತಿಲ್ಲ ಅಂತ! ಮಂಡಿನೋವಿಗೆ ಅಲ್ಲದಿದ್ದರೆ ಮತ್ಯಾತಕ್ಕೆ ಅದನ್ನು ಕೊಂಡರು ಅಂದುಕೊಂಡಿದ್ದಾರೋ. ಸಂಧಿವಾತ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ. ಅದಕ್ಕೇ "ವಾಸಿ" ಅನ್ನುವ ಪದ ಎಲ್ಲೂ ಇರುವುದಿಲ್ಲ. ಚಿತ್ರ ಇರುತ್ತದೆ, ಮೆಟ್ಟಿಲು ಓಡಿ ಹತ್ತುವ ಅಜ್ಜ ಇರುತ್ತಾರೆ. ಮಿಕ್ಕ ಮಾತನ್ನು ಅಂಗಡಿಯ ಹುಡುಗ ಹೇಳುತ್ತಾನೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೂಲಿಕೆಯ ಹೆಸರಲ್ಲಿ ಮಾರುವ ಪುಡಿ, ಮಾತ್ರೆ ತಿಂದ ಎರಡೇ ದಿನಕ್ಕೆ ನೋವು ಮಾಯವಾದರೆ ಖುಷಿಪಡುವ ಬದಲು ಅನುಮಾನಪಡಬೇಕು. ಮೂಲಿಕೆ ಅಷ್ಟು ಬೇಗ ಕೆಲಸ ಮಾಡುವುದಿಲ್ಲ, ಸ್ಟೀರಾಯ್ಡ್ ಮಾಡುತ್ತದೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ "ಆರ್ಟ್ರಿ ಕಿಂಗ್" ಥರದ ಕೀಲುನೋವಿನ ಮಾತ್ರೆಗಳನ್ನು ಪರೀಕ್ಷಿಸಿದಾಗ ಲೇಬಲ್ಲಿನಲ್ಲಿ ಹೇಳದ ನೋವಿನ ಔಷಧಿ ಡೈಕ್ಲೊಫೆನಾಕ್, ಸ್ಟೀರಾಯ್ಡ್ ಆದ ಡೆಕ್ಸಾಮೆಥಸೋನ್ ಸಿಕ್ಕಿತು. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೆ ದೇಹ ತನ್ನ ಸ್ವಂತ ಸ್ಟೀರಾಯ್ಡ್ ಮಾಡುವುದನ್ನೇ ಮರೆತಿರುತ್ತದೆ. ಕುಸಿದು ಬೀಳುತ್ತಾರೆ. ಬರೀ ಪುಡಿ ಕೂಡ ಯಾವಾಗಲೂ ಶುದ್ಧ ಅಂತಲ್ಲ. ಕೊಂಬಿಗೆ ಹೊಳಪು ಬರಲು ಸೀಸದ ಕ್ರೋಮೇಟ್ ಬಳಿಯುವ ಚಾಳಿ ಬಾಂಗ್ಲಾದೇಶದಲ್ಲಿ ದೊಡ್ಡ ಸುದ್ದಿಯಾಗಿ, 2019ರ ನಂತರ ಅಲ್ಲಿ ಬಿಗಿ ಮಾಡಿ ನಿಲ್ಲಿಸಿದರು. ಪಟ್ನಾದ ಮಾರುಕಟ್ಟೆಯ ಮಾದರಿಗಳಲ್ಲೂ ಸೀಸ ಭಯಂಕರವಾಗಿ ಸಿಕ್ಕಿದೆ.

ಇಷ್ಟೆಲ್ಲ ಆದಮೇಲೂ ಜನ ಯಾಕೆ ಈ ಡಬ್ಬಿಯ ಕಡೆ ಹೋಗುತ್ತಾರೆ? ಮೂಢನಂಬಿಕೆ ಅಂತ ಬಿಡುವುದು ಸುಲಭ, ಆದರೆ ತಪ್ಪು. ಮಂಡಿ ಸವೆತಕ್ಕೆ ಡಾಕ್ಟರುಗಳ ಹತ್ತಿರ ಇರುವ ಮಾತ್ರೆಗಳೂ ಅಷ್ಟಕ್ಕಷ್ಟೇ. ಡೈಕ್ಲೊಫೆನಾಕ್, ಐಬುಪ್ರೊಫೆನ್ ವರ್ಷಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಹೃದಯದ ಕಾಯಿಲೆ ಇದ್ದವರಿಗೆ ಅದರದ್ದೂ ಭಯ. ತೂಕ ಇಳಿಸಿ, ತೊಡೆಯ ವ್ಯಾಯಾಮ ಮಾಡಿ ಅಂದರೆ ಎದ್ದು ನಿಲ್ಲಲೇ ಆಗದವರು ಏನು ಮಾಡಬೇಕು? ಮಂಡಿ ಬದಲಿಸುವ ಆಪರೇಷನ್‌ಗೆ ಲಕ್ಷಗಟ್ಟಲೆ. ಈ ಸಂದಿಯಲ್ಲಿ "ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮೂರು ಪದಕ್ಕೆ ಬಂಗಾರದ ಬೆಲೆ.

ಬೆಳೆಯುವವರಿಗೆ ಮಾತ್ರ ಆ ಬಂಗಾರ ಸಿಗುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರು ಒಂಬತ್ತು ತಿಂಗಳು ಕಾದು, ಅಗೆದು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ ಮೂಟೆ ಹೊತ್ತು ಈರೋಡಿಗೆ ಹೋಗುತ್ತಾರೆ. ಅಲ್ಲಿ ಬೆಲೆ ಕ್ವಿಂಟಾಲಿಗೆ, ಕೊಂಬಿನ ಅಂದಕ್ಕೆ. ಒಳಗೆ ಎಷ್ಟು ಕರ್ಕ್ಯುಮಿನ್ ಇದೆ ಅಂತ ಅಳೆದು ದುಡ್ಡು ಕೊಡುವವರು ಕಡಿಮೆ. ಆಮೇಲೆ ಅದೇ ಅರಿಶಿನ ಸಾರವಾಗಿ ಕಡಲು ದಾಟು‌ತ್ತದೆ, ಡಬ್ಬಿ ಸೇರಿ ಅಮೆರಿಕದಿಂದ ಬರುವ ಮಗನ ಸೂಟ್‌ಕೇಸಿನಲ್ಲಿ "ಅಮ್ಮಂಗೆ" ಅಂತ ವಾಪಸ್ ಬರುವುದೂ ಉಂಟು.

ದೊಡ್ಡಮ್ಮನ ವಿಷಯದಲ್ಲಿ ನನಗೆ ಭಯವಾದದ್ದು ಮಂಡಿಯಿಂದಲ್ಲ. ಅವರು ಹೃದಯದ ವಾಲ್ವ್ ಬದಲಿಸಿಕೊಂಡವರು. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ. ತಿಂಗಳಿಗೊಮ್ಮೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಅಳೆಯುವ ಪರೀಕ್ಷೆ ಮಾಡಿಸಿ ಡೋಸ್ ಕೂಡಿಸುವುದು, ಕಳೆಯುವುದು. ನ್ಯೂಜಿಲೆಂಡಿನಲ್ಲಿ 2018ರಲ್ಲಿ ಇಂಥದ್ದೇ ಮಾತ್ರೆ ತಗೊಳ್ಳುತ್ತಿದ್ದ ರೋಗಿಯೊಬ್ಬರು ಅರಿಶಿನದ ಕ್ಯಾಪ್ಸೂಲ್ ಶುರುಮಾಡಿದ ಮೇಲೆ ಐಎನ್‌ಆರ್ 10 ದಾಟಿತ್ತು. ಇಂಥ ಮಾತ್ರೆ ತಗೊಳ್ಳುವವರಲ್ಲಿ ಮಾಮೂಲಿಯಾಗಿ ಅದು 2ರಿಂದ 3ರ ಆಸುಪಾಸು ಇರಬೇಕು. 10 ಅಂದರೆ ಎಲ್ಲಿ ಬೇಕಾದರೂ ರಕ್ತ ಸೋರಬಹುದು.

"ಡಾಕ್ಟ್ರಿಗೆ ಹೇಳಿದ್ರಾ?" ಅಂತ ಕೇಳಿದೆ.

"ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಅರಿಶಿನ ತಿಂತೀನಿ ಅಂತ ಯಾರಾದ್ರೂ ಹೇಳ್ತಾರೇನೋ?"

ಆ ತಿಂಗಳ ಐಎನ್‌ಆರ್ ಚೀಟಿ ತೆಗೆದು ನೋಡಿದೆವು. ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಕ್ಯಾಪ್ಸೂಲಿಂದಲೇ ಅಂತ ಹೇಳಲು ಆಗುವುದಿಲ್ಲ. ಅವರ ಐಎನ್‌ಆರ್ ಮೊದಲೂ ಏರಿಳಿದದ್ದುಂಟು. ಮುಂದಿನ ವಾರ ಡಬ್ಬಿಯನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಮುಂದಿನ ಮಂಡಿಯ ಚಿತ್ರ ನೋಡಲಿಲ್ಲ. ನೇರ ಹಿಂದಕ್ಕೆ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಸಣ್ಣ ಅಕ್ಷರದ ಸಾಲಿನ ಮೇಲೆ ಹೆಬ್ಬೆರಳು ಜಾರಿಸುತ್ತಾ ಕೊನೆಯ ಸಾಲಿನಲ್ಲಿ ನಿಂತರು.

"ಅಮ್ಮ, ಇದರಲ್ಲಿ ಮೆಣಸು ಬೇರೆ ಇದೆಯಲ್ಲ," ಅಂದರು.